ಹಾಜರಾತಿ ಎಂದು ಹಾಕಿಸಿಕೊಂಡ ಸಹಿ

ಆ ಸಹಿಯನ್ನು ನಾನು ಸುಳ್ಳು ಹೇಳಿ ಹಾಕಿಸಿಕೊಂಡೆ. ಮೊದಲು ಇದನ್ನೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ — ನನ್ನ ಬುದ್ಧಿ ನನಗೆ ಗೊತ್ತು — ಊರೆಲ್ಲ ಸುತ್ತಿ ಬಳಸಿ, ಕೊನೆಗೆ ತಪ್ಪು ಬೇರೆ ಯಾರದ್ದೋ ಎಂಬಲ್ಲಿಗೆ ತಂದು ನಿಲ್ಲಿಸುತ್ತೇನೆ. ಸಹಿ ದಮಯಂತಿಯದ್ದು. ಸುಳ್ಯ ಕಡೆಯ ಪಂಜ ಎಂಬ ಊರಿನ ಹುಡುಗಿ, ಹುಟ್ಟಿನಿಂದಲೇ ಕಣ್ಣು ಕಾಣದವಳು, ನಮ್ಮಲ್ಲಿ ಕನ್ನಡ ಎಂ.ಎ. ಓದುತ್ತಿದ್ದವಳು. ಮೇಜಿನ ಮೇಲೆ ಕಾಗದ ಇಟ್ಟು, ಅವಳ ಬೆರಳನ್ನು ಹಿಡಿದು ಸಹಿಯ ಜಾಗಕ್ಕೆ ಮುಟ್ಟಿಸಿದವನು ನಾನು. ಇದು ಎಂತದ್ದು ಎಂದು ಅವಳು ಕೇಳಿದಳು. ಹಾಜರಾತಿ ಎಂದೆ. ಅದು ಹಾಜರಾತಿ ಆಗಿರಲಿಲ್ಲ.

ಆರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಇತ್ತೀಚೆಗೆ ಇಬ್ಬರು ಹಳೆಯ ಸಹೋದ್ಯೋಗಿಗಳಿಗೆ ಹೇಳಿದೆ. ಇಬ್ಬರೂ ಒಂದೇ ಮಾತು ಹೇಳಿದರು — "ಪಾಪ, ನೀವು ಎಂತ ಮಾಡುದು? ಮೇಲಿನವರು ಹೇಳಿದ್ದನ್ನು ಮಾಡಿದ್ದೀರಿ." ಆ 'ಪಾಪ' ಎಂಬ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರಿಗೆ ಪಾಪ? ಕಣ್ಣಿದ್ದು, ಸಂಬಳ ಇದ್ದು, ಕೂರಲು ಕುರ್ಚಿ ಇದ್ದು, ಒಂದು ಹುಡುಗಿಯ ಕೈ ಹಿಡಿದು ಸುಳ್ಳು ಕಾಗದಕ್ಕೆ ಸಹಿ ಹಾಕಿಸಿದವನಿಗಾ? ನಮ್ಮ ಕಡೆ ಈ 'ಪಾಪ' ಬಹಳ ಅಗ್ಗವಾಗಿ ಸಿಗುತ್ತದೆ. ದಮಯಂತಿಯನ್ನು ಕಂಡರೂ ಜನ ಅದನ್ನೇ ಅನ್ನುತ್ತಿದ್ದರು, ಅಂದು ಮುಗಿಸಿ ತಮ್ಮ ದಾರಿ ಹಿಡಿಯುತ್ತಿದ್ದರು.

ನಾನು ಬೆಟ್ಟಂಪಾಡಿ ಕಡೆಯವನು. ಹೆಸರು ಕೇಶವ. ಒಂದು ವಿಶ್ವವಿದ್ಯಾಲಯದ ಪುತ್ತೂರು ಕೇಂದ್ರಕ್ಕೆ ಬೆರಳಚ್ಚುಗಾರನಾಗಿ ಸೇರಿದೆ. ವಿಶ್ವವಿದ್ಯಾಲಯದ ಹೆಸರು ಬೇಡ — ಹೆಸರು ಹೇಳಿದರೆ ಜನ ಅದರ ಬಗ್ಗೆಯೇ ಮಾತಾಡುತ್ತಾರೆ, ನನ್ನನ್ನು ಬಿಟ್ಟುಬಿಡುತ್ತಾರೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಅದರ ಮುಂದೆ ಕೂತೆ. ಕೇಂದ್ರಕ್ಕೆ ಜಾಲತಾಣ ಆದಾಗ, ಬೇರೆ ಯಾರೂ ಕೈಹಾಕದ್ದರಿಂದ, ಅದರ ಉಸ್ತುವಾರಿಯೂ ನನ್ನ ಕೊರಳಿಗೇ ಬಿತ್ತು. ಪ್ರವೇಶ, ಪರೀಕ್ಷೆ, ಫಲಿತಾಂಶ, ರಜೆ — ಸುಳ್ಯ, ಕಡಬ, ಉಪ್ಪಿನಂಗಡಿಯಿಂದ ಬರುವ ಮಕ್ಕಳಿಗೆ ಏನೇ ತಿಳಿಯಬೇಕಿದ್ದರೂ ನಾನು ಏರಿಸಿದ ನೋಟೀಸಿನಿಂದಲೇ ತಿಳಿಯಬೇಕು.

ಆ ನೋಟೀಸು ಏರಿಸುವ ಕ್ರಮವನ್ನು ಇಲ್ಲಿ ಹೇಳಲೇಬೇಕು. ಮೊದಲು ನಾನು ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೆ. ಮುದ್ರಿಸಿ ನಿರ್ದೇಶಕರ ಸಹಿಗೆ ಕಳಿಸುತ್ತಿದ್ದೆ. ಸಹಿಯ ಪಕ್ಕದಲ್ಲಿ ನೀಲಿ ಶಾಯಿಯ ದುಂಡು ಸೀಲು ಬೀಳುತ್ತಿತ್ತು. ಸೀಲು ಬಿದ್ದ ಕಾಗದವನ್ನು ಸ್ಕ್ಯಾನ್ ಮಾಡಿ, ಅದರ ಚಿತ್ರವನ್ನು ಜಾಲತಾಣಕ್ಕೆ ಹಾಕುತ್ತಿದ್ದೆ. ಒಮ್ಮೊಮ್ಮೆ ಓರೆಯಾಗಿ, ಒಮ್ಮೊಮ್ಮೆ ತಲೆಕೆಳಗಾಗಿ. ಕಣ್ಣಿದ್ದವರು ಕತ್ತು ಓರೆ ಮಾಡಿಯಾದರೂ ಓದಿಕೊಳ್ಳುತ್ತಿದ್ದರು. ಸೀಲು ಕಾಣದಿದ್ದರೆ ಅದು ನೋಟೀಸೇ ಅಲ್ಲ ಎಂಬುದು ನಮ್ಮ ಕಚೇರಿಯ ಹಳೆಯ ನಂಬಿಕೆ. ಅಕ್ಷರವಾಗಿ ನನ್ನ ಕಂಪ್ಯೂಟರಿನಲ್ಲಿ ಇದ್ದದ್ದನ್ನು ನಾವೇ ಮೈಮುರಿದು ಚಿತ್ರ ಮಾಡುತ್ತಿದ್ದೆವು. ಇದರಿಂದ ಯಾರಿಗಾದರೂ ತೊಂದರೆಯಾದೀತೇ ಎಂದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಹೀಗಿರುವಾಗ ಕೇಂದ್ರವನ್ನು ನೋಡಿ ಅಂಕ ಕೊಡುವ ಒಂದು ಸಮಿತಿ ಬರುವುದೆಂದು ಗೊತ್ತಾಯಿತು. ಅವರು ಕಳಿಸಿದ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು — ಜಾಲತಾಣವನ್ನು ಅಂಗವಿಕಲ ವಿದ್ಯಾರ್ಥಿಗಳು ಬಳಸಬಹುದೇ? ಅಂಥ ವಿದ್ಯಾರ್ಥಿಯೊಬ್ಬರಿಂದ ಪರೀಕ್ಷೆ ಮಾಡಿಸಿ ವರದಿ ಲಗತ್ತಿಸಿ. ನಿರ್ದೇಶಕರು ನನ್ನನ್ನು ಕರೆದು, ಆ ಸಾಲಿನ ಮೇಲೆ ಪೆನ್ನಿನಿಂದ ತಟ್ಟಿ, "ನಮ್ಮ ಪಂಜದ ಹುಡುಗಿ ಉಂಟಲ್ಲ ಕೇಶವ, ಅವಳನ್ನು ಕರೆಸಿ. ಕಣ್ಣು ಕಾಣದವರದ್ದೇ ಒಂದು ಸಹಿ ಬೇಕಾಗ್ತದೆ" ಎಂದರು. ಜಾಲತಾಣ ಸರಿ ಉಂಟಾ ಎಂದು ಅವರು ಕೇಳಲಿಲ್ಲ. ಸರಿ ಇಲ್ಲ ಎಂದು ನಾನೂ ಹೇಳಲಿಲ್ಲ. ಹೇಳಲು ನನಗೇ ಗೊತ್ತಿದ್ದರೆ ತಾನೆ.

ಒಂದು ಶನಿವಾರ ದಮಯಂತಿ ಬಂದಳು. ಪಂಜದಿಂದ ಕಾಣಿಯೂರು ದಾರಿಯಾಗಿ ಪುತ್ತೂರಿಗೆ ಒಬ್ಬಳೇ ಬಸ್ಸಿನಲ್ಲಿ ಬರುವವಳು ಅವಳು, ಇಳಿದ ಮೇಲೆ ಕೋಲು ಹಿಡಿದು ಗುಡ್ಡ ಹತ್ತಿ ಕಚೇರಿಗೂ ಒಬ್ಬಳೇ. ಅವಳ ಫೋನು ಮಾತಾಡುತ್ತಿತ್ತು. ಪರದೆಯ ಮೇಲೆ ಬೆರಳು ಸರಿಸಿದಂತೆ ಅಲ್ಲಿ ಏನು ಬರೆದಿದೆಯೋ ಅದನ್ನು ಗಡಗಡ ಓದಿ ಹೇಳುವ ಫೋನು. ನನಗೂ ಕೇಳಲಿ ಎಂದು ಇಯರ್‌ಫೋನ್ ತೆಗೆದಿಟ್ಟು, ನಮ್ಮ ಜಾಲತಾಣವನ್ನು ತೆರೆದಳು. "ಲಿಂಕ್. ಲಿಂಕ್. ಇಮೇಜ್. ಲಿಂಕ್" ಎಂದಿತು ಫೋನು. ಯಾವುದಕ್ಕೂ ಹೆಸರಿಲ್ಲ. ಫಲಿತಾಂಶ ನೋಡಬೇಕಾದರೆ ಓರೆಕೋರೆ ಚಿತ್ರದಲ್ಲಿರುವ ಅಕ್ಷರಗಳನ್ನು ನೋಡಿ ಬರೆಯಬೇಕು — ಅಲ್ಲಿ ಅವಳ ದಾರಿ ಮುಚ್ಚಿತು. ಸುದ್ದಿಯ ಸಾಲು ಓಡುತ್ತಲೇ ಇರುತ್ತದೆ, ಫೋನು ಅದರ ಹಿಂದೆ ಓಡಿ ಅರ್ಧಕ್ಕೆ ನಿಲ್ಲುತ್ತದೆ. ಕೊನೆಗೆ ನೋಟೀಸುಗಳ ಪುಟಕ್ಕೆ ಬಂದಳು. ಒಂದೊಂದನ್ನು ಒತ್ತಿದಾಗಲೂ ಫೋನು "ಇಮೇಜ್" ಎಂದು ಹೇಳಿ ಸುಮ್ಮನಾಗುತ್ತಿತ್ತು.

"ಇದರಲ್ಲಿ ಎಂತ ಉಂಟು ಸರ್?" ಎಂದು ಕೇಳಿದಳು.

"ಗ್ರಂಥಾಲಯದ ಸಮಯ ಬದಲಾದದ್ದು" ಎಂದೆ.

"ಹೌದಾ? ಯಾವಾಗದಿಂದ?"

ಅದು ಬದಲಾಗಿ ನಾಲ್ಕು ತಿಂಗಳಾಗಿತ್ತು. ಬಾಗಿಲು ಹಾಕಿದ ಗ್ರಂಥಾಲಯಕ್ಕೆ ಹೋಗಿ ಎಷ್ಟೋ ಸಲ ಹಿಂದೆ ಬಂದಿದ್ದೇನೆ ಎಂದು ಅವಳು ನಕ್ಕಳು. ನಾನೂ ನಕ್ಕೆ. ಯಾಕೆ ನಕ್ಕೆನೋ — ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನ್ನಿಸುತ್ತದೆ.

ಸೀಲಿನ ವಿಷಯ ಅವಳಿಗೆ ವಿವರಿಸಿದೆ. "ಸೀಲು ಅಲ್ಲಿಯೇ ಇರ್ಲಿ ಸರ್, ಅದನ್ನು ತೆಗೀರಿ ಅಂತ ಹೇಳುದಿಲ್ಲ. ಅದರ ಕೆಳಗೆ ಅದನ್ನೇ ಟೈಪ್ ಮಾಡಿ ಹಾಕಿ. ನೀವು ಹೇಗೂ ಮೊದಲು ಟೈಪ್ ಮಾಡುದೇ ಅಲ್ವಾ?" ಎಂದಳು. ಹೌದು ಎಂದೆ. ನಾನು ಟೈಪ್ ಮಾಡುತ್ತಿದ್ದದ್ದು ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ, ಅದನ್ನು ಹಾಗೇ ಹಾಕಿದರೆ ಫೋನು ಏನೇನೋ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಡಬಡಿಸುತ್ತದೆ. ಯೂನಿಕೋಡ್ ಎಂಬ ಹೊಸ ಅಕ್ಷರಕ್ಕೆ ಬದಲಿಸಿ, ತಪ್ಪು ತಿದ್ದಿ ಹಾಕಬೇಕು. ಒಂದು ನೋಟೀಸಿಗೆ ಹೆಚ್ಚೆಂದರೆ ಇಪ್ಪತ್ತು ನಿಮಿಷದ ಕೆಲಸ. ಅಷ್ಟೇ. ಬೆಟ್ಟ ಕಡಿಯುವ ಕೆಲಸವಲ್ಲ.

ಮೂರು ಗಂಟೆ ಕೂತು ಅವಳು ಹದಿನಾಲ್ಕು ತೊಂದರೆಗಳನ್ನು ಹೇಳಿದಳು. ನಾನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಪ್ರತಿಯೊಂದಕ್ಕೂ ಹೇಗೆ ಸರಿಮಾಡಬಹುದು ಎಂದೂ ಹೇಳಿದಳು, ಸಿಟ್ಟಿಲ್ಲದೆ, ನನಗೆ ಅವಮಾನ ಆಗದ ಹಾಗೆ. ಮಧ್ಯದಲ್ಲಿ ಒಮ್ಮೆ, "ನನಗಿಂತ ಮೊದಲು ಯಾರೂ ಕೇಳಿರ್ಲಿಲ್ವಾ ಸರ್ ಇದನ್ನೆಲ್ಲ?" ಎಂದಳು. ಇಲ್ಲ ಎಂದೆ. "ಆಯ್ತು, ಈಗಾದ್ರೂ ಕೇಳಿದ್ರಲ್ಲ" ಎಂದಳು. ಅವಳಿಗೆ ಖುಷಿಯಾಗಿತ್ತು. ತಾನು ಹೇಳಿದ್ದು ನಡೆಯುತ್ತದೆ ಎಂದೇ ಅವಳು ನಂಬಿದ್ದಳು.

ಆ ಹಾಳೆಯನ್ನು ನಿರ್ದೇಶಕರ ಕೋಣೆಗೆ ಕೊಂಡುಹೋದೆ. ಅವಳು ನನ್ನ ಮೇಜಿನ ಎದುರಲ್ಲೇ ಕೂತಿದ್ದಳು. ನಿರ್ದೇಶಕರು ಮೇಲಿಂದ ಕೆಳಗೆ ನೋಡಿ, ಹಾಳೆಯನ್ನು ನನ್ನ ಕಡೆಗೇ ತಳ್ಳಿ, "ಸಮಿತಿ ಬರುದು ಸೋಮವಾರ ಮಾರಾಯ್ರೆ. ಹದಿನಾಲ್ಕು ತಪ್ಪು ನಾವೇ ಬರೆದು ಅವರ ಕೈಗೆ ಕೊಡುದಾ? ಅವಳು ಬಂದದ್ದು ನಿಜ, ನೋಡಿದ್ದು ನಿಜ. ಅಷ್ಟು ಬರೆಸಿ ಸಹಿ ಹಾಕಿಸಿ. ಇದನ್ನೆಲ್ಲ ಆಮೇಲೆ ನಿಧಾನಕ್ಕೆ ಮಾಡುವ" ಎಂದರು. ಇಷ್ಟೇ ಅವರು ಹೇಳಿದ್ದು. ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಅವಳ ಕಣ್ಣಿಗೆ ಮಣ್ಣೆರಚು ಎಂದು ಹೇಳಲಿಲ್ಲ. ಅದನ್ನು ನಾನೇ ಸ್ವಂತ ಬುದ್ಧಿಯಿಂದ ಮಾಡಿದೆ, ಯಾರೂ ಕೇಳದೆ — ಹಾಗಾಗಿ ಅವರ ಹೆಸರಿನ ಹಿಂದೆ ಅಡಗಿಕೊಳ್ಳುವ ಹಕ್ಕೂ ನನಗಿಲ್ಲ.

ನನ್ನ ಮೇಜಿಗೆ ಬಂದು, ಅವಳ ಎದುರೇ ಕೂತು ದೃಢೀಕರಣ ಪತ್ರ ಟೈಪ್ ಮಾಡಿದೆ. 'ಸದರಿ ಜಾಲತಾಣವನ್ನು ನಾನು ಸ್ವತಃ ಪರೀಕ್ಷಿಸಿದ್ದು, ನೋಟೀಸುಗಳೂ ಸೇರಿದಂತೆ ಅದರ ಎಲ್ಲ ಪುಟಗಳನ್ನು ಯಾವುದೇ ಅಡಚಣೆಯಿಲ್ಲದೆ ಓದಲು ನನಗೆ ಸಾಧ್ಯವಾಗಿರುತ್ತದೆ.' ಆ 'ನೋಟೀಸುಗಳೂ ಸೇರಿದಂತೆ' ಎಂಬುದನ್ನು ಯಾರು ಹೇಳಿ ಬರೆಸಿದರು? ಯಾರೂ ಇಲ್ಲ. ಕೈ ಓಡಿತು, ಬರೆದೆ. ಸಮಿತಿ ಆ ಪ್ರಶ್ನೆ ಕೇಳಬಹುದು ಎಂದು ನನಗೆ ಹೊಳೆದಿತ್ತು, ಮುಂಚೆಯೇ ಬಾಯಿ ಮುಚ್ಚಿಸಿಬಿಡುವ ಎಂದು ಬರೆದೆ. ಅಷ್ಟು ಚುರುಕು ಬುದ್ಧಿ ಆ ದಿನ ನನಗೆ.

ಕಾಗದ ತಂದು ಅವಳ ಮುಂದಿಟ್ಟೆ.

"ಇದು ಎಂತ ಸರ್?"

"ಹಾಜರಾತಿ. ನೀನು ಬಂದದ್ದಕ್ಕೆ."

ಅವಳು ಕಾಗದವನ್ನು ಮುಟ್ಟಿ ನೋಡಿದಳು. "ಒಂದು ಫೋಟೊ ತೆಗ್ದು ಫೋನಿನಲ್ಲಿ ಓದಿಸ್ಲಾ? ಓರೆ ಇಲ್ಲದ, ಸ್ಪಷ್ಟ ಕಾಗದ ಆದ್ರೆ ಓದ್ತದೆ. ಒಂದು ನಿಮಿಷ" ಎಂದಳು. ಹಾಗೂ ಮಾಡಬಹುದು ಎಂದು ನನಗೆ ಗೊತ್ತೇ ಇರಲಿಲ್ಲ. "ನಿನ್ನ ಬಸ್ಸಿಗೆ ತಡ ಆಗ್ತದೆ ದಮಯಂತಿ. ನಾನು ಸುಳ್ಳು ಹೇಳ್ತೇನಾ?" ಎಂದೆ.

ಅವಳಿಗೆ ನಾಚಿಕೆಯಾಯಿತು. ಹೌದು — ಅವಳಿಗೆ. ಹಿರಿಯರನ್ನು ಸಂಶಯಪಟ್ಟೆನಲ್ಲ ಎಂದು. "ಅಯ್ಯೋ, ಹಾಗಲ್ಲ ಸರ್" ಎಂದು ಫೋನನ್ನು ಚೀಲಕ್ಕೆ ಹಾಕಿದಳು. ನಾನು ಬೆರಳು ಹಿಡಿದು ತೋರಿಸಿದ ಜಾಗದಲ್ಲಿ ಕನ್ನಡದಲ್ಲಿ ಸಹಿ ಮಾಡಿದಳು, ನಾಲ್ಕು ಅಕ್ಷರ. ಅವಳ ಅಮ್ಮನಿಗೆ ಪಂಜದ ಪೇಟೆಯಲ್ಲಿ ಹೊಲಿಗೆ ಅಂಗಡಿ. ಬಟ್ಟೆಯ ಮೇಲೆ ದಪ್ಪ ನೂಲಿನಿಂದ ಹೆಸರು ಹೊಲಿದು, ಅದರ ಮೇಲೆ ಮಗಳ ಬೆರಳು ಓಡಿಸಿ, ಆ ನಾಲ್ಕು ಅಕ್ಷರ ಕಲಿಸಿದ್ದರಂತೆ. ಸಹಿ ಮಾಡುತ್ತ ಅವಳೇ ಹೇಳಿದಳು. ಚಂದ ಉಂಟು ನಿನ್ನ ಅಕ್ಷರ ಎಂದೆ.

ಸಮಿತಿ ಬಂತು, ಮೆಚ್ಚಿತು, ಹೋಯಿತು. ಜಾಲತಾಣದ ಮೇಲ್ಭಾಗದಲ್ಲಿ ಗಾಲಿಕುರ್ಚಿಯ ಸಣ್ಣ ಚಿತ್ರ ಹಾಕಿ, 'ವಿಕಲಚೇತನ ಸ್ನೇಹಿ' ಎಂದು ಬರೆಯಲು ನನಗೆ ಹೇಳಿದರು. ಬರೆದೆ. ಆ ಬಿಲ್ಲೆಯನ್ನೂ ಚಿತ್ರವಾಗಿಯೇ ಹಾಕಿದೆ. ಅವಳ ಫೋನು ಅದನ್ನೂ ಓದುತ್ತಿರಲಿಲ್ಲ. ಹದಿನಾಲ್ಕು ತೊಂದರೆಗಳ ಹಾಳೆ ನನ್ನ ಮೇಜಿನ ಕೆಳಗಿನ ಖಾನೆಗೆ ಹೋಯಿತು. ಆಮೇಲೆ ಎಂಬ ದಿನ ಬರಲೇ ಇಲ್ಲ. ಅವಳು ಎರಡು ಸಲ ಕಾರಿಡಾರಿನಲ್ಲಿ ಸಿಕ್ಕಿ "ಎಲ್ಲಿವರೆಗೆ ಆಯ್ತು ಸರ್?" ಎಂದು ಕೇಳಿದಳು. ಆಗ್ತಾ ಉಂಟು ಎಂದೆ.

ಅದರ ಮುಂದಿನದ್ದು ಬರೆಯಲು ಕೈ ಬರುವುದಿಲ್ಲ. ಆದರೆ ಬರೆಯಬೇಕು.

ಅವಳ ಕೊನೆಯ ಸೆಮಿಸ್ಟರಿನ ಪರೀಕ್ಷೆ ಬಂತು. ಕಣ್ಣು ಕಾಣದವರು ಬಾಯಲ್ಲಿ ಉತ್ತರ ಹೇಳಿದರೆ ಪಕ್ಕದಲ್ಲಿ ಕೂತು ಬರೆಯುವ ಲಿಪಿಕಾರರು ಇರುತ್ತಾರಲ್ಲ — ಅದುವರೆಗೆ ಪರೀಕ್ಷೆಯ ದಿನ ಅವರನ್ನು ಕರೆತಂದು ಹೇಳಿದರೆ ಸಾಕಿತ್ತು. ಆ ಸಲ ಹೊಸ ನಿಯಮ ಬಂತು. ಲಿಪಿಕಾರರು ಬೇಕಾದವರು ಇಂತಿಷ್ಟು ದಿನದೊಳಗೆ ಅರ್ಜಿ ಕೊಡಬೇಕು, ತಡವಾದರೆ ಅವಕಾಶವಿಲ್ಲ. ಆ ನೋಟೀಸನ್ನು ಟೈಪ್ ಮಾಡಿದವನು ನಾನು. ಸೀಲು ಹಾಕಿಸಿ, ಸ್ಕ್ಯಾನ್ ಮಾಡಿ, ಚಿತ್ರವಾಗಿ ಏರಿಸಿದವನೂ ನಾನು. ಕಣ್ಣು ಕಾಣದವರಿಗೆಂದೇ ಬರೆದ ನೋಟೀಸು, ಕಣ್ಣು ಕಾಣದವರಿಗೆ ಓದಲಾಗದ ಹಾಗೆ! ಏರಿಸುವಾಗ ಒಮ್ಮೆ ಅವಳ ನೆನಪಾಯಿತು. ಆಗಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಯಾರಾದರೂ ಹೇಳಿಯಾರು ಎಂದುಕೊಂಡೆ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅದೇ ಚಿತ್ರವನ್ನು ಹಾಕಿದ್ದರಂತೆ. ಅವಳ ಫೋನು "ಫೋಟೊ" ಎಂದಿತು. ಅಂಥ ಫೋಟೊಗಳು ದಿನಕ್ಕೆ ಐವತ್ತು ಬರುತ್ತವೆ, ಹೂವಿನದ್ದು, ದೇವರದ್ದು. ಅವಳು ಮುಂದೆ ಹೋದಳು.

ಪರೀಕ್ಷೆಯ ದಿನ ಪಂಜದ ಒಬ್ಬ ಹುಡುಗಿಯನ್ನು ಬರೆಯಲು ಕರೆದುಕೊಂಡು ಬಂದಳು. ಅರ್ಜಿ ಇಲ್ಲವೆಂದು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಗಂಟೆ ಬಾರಿಸಿತು, ಪ್ರಶ್ನೆಪತ್ರಿಕೆ ಹಂಚಿದರು, ಅವಳು ಹೊರಗೆ ಬೆಂಚಿನ ಮೇಲೆ ಮೂರು ಗಂಟೆ ಕೂತಿದ್ದಳು — ಯಾರಾದರೂ ಮನಸ್ಸು ಬದಲಿಸಿಯಾರು ಎಂದು. ಯಾರೂ ಬದಲಿಸಲಿಲ್ಲ. ಹಿಂದೊಮ್ಮೆ ಅಮ್ಮನ ಕಾಯಿಲೆಯಿಂದಾಗಿ ಅವಳು ಎರಡು ವರ್ಷ ಓದು ನಿಲ್ಲಿಸಿದ್ದಳು. ಹಾಗಾಗಿ, ಇಂತಿಷ್ಟು ವರ್ಷದೊಳಗೆ ಎಂ.ಎ. ಮುಗಿಸಬೇಕೆಂಬ ನಿಯಮದ ಪ್ರಕಾರ ಅದೇ ಅವಳ ಕೊನೆಯ ಅವಕಾಶ. ಕಡಬದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸಲು ಅವಳನ್ನು ಆರಿಸಿದ್ದರು, ಎಂ.ಎ. ಮುಗಿಸಿದ ಕಾಗದ ತೋರಿಸಿದರೆ ಸೇರಬಹುದಿತ್ತು.

ಮರುದಿನ ಅವಳು ಅರ್ಜಿ ಹಿಡಿದು ನಿರ್ದೇಶಕರ ಕೋಣೆಗೆ ಬಂದಳು. ನೋಟೀಸು ನನಗೆ ಓದಲಾಗದ ರೂಪದಲ್ಲಿತ್ತು, ಇನ್ನೊಂದು ಅವಕಾಶ ಕೊಡಿ — ಇಷ್ಟೇ ಅದರಲ್ಲಿದ್ದದ್ದು. ನನ್ನನ್ನೂ ಕರೆಸಿದರು. ನಿರ್ದೇಶಕರು ಕಡತ ಬಿಡಿಸಿ, ಆ ದೃಢೀಕರಣ ಪತ್ರವನ್ನು ತೆಗೆದರು.

"ಎಲ್ಲ ಓದ್ಲಿಕ್ಕೆ ಆಗ್ತದೆ ಅಂತ ನೀನೇ ಬರೆದು ಕೊಟ್ಟಿದ್ದಿ ಅಲ್ವಾ? ಇಲ್ಲಿ ನಿನ್ನ ಸಹಿಯೇ ಉಂಟಲ್ಲ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಆಯಿತು. ನನ್ನ ಉಸಿರು ಕೇಳಿಸಿರಬೇಕು — ಸರಿಯಾಗಿ ನಾನಿದ್ದ ಕಡೆಗೆ ಮುಖ ತಿರುಗಿಸಿದಳು.

"ಕೇಶವ ಸರ್, ನಾನು ಸಹಿ ಹಾಕಿದ್ದು ಹಾಜರಾತಿಗೆ ಅಲ್ವಾ?"

ಆ ಪ್ರಶ್ನೆಗೆ ಒಂದೇ ಅಕ್ಷರದ ಉತ್ತರ ಸಾಕಿತ್ತು. ಹೂಂ ಎಂದಿದ್ದರೂ ಸಾಕಿತ್ತು. ನಿರ್ದೇಶಕರು ನನ್ನನ್ನು ನೋಡುತ್ತಿದ್ದರು, ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತು, ನಿವೃತ್ತಿಗೆ ಕೆಲವೇ ವರ್ಷ ಇತ್ತು — ಇಲ್ಲ, ಇವೆಲ್ಲ ಯಾಕೆ ಬರೆಯುತ್ತಿದ್ದೇನೆ. ಎಲ್ಲರಿಗೂ ಇರುವಂಥದ್ದೇ ಇವು. "ನನಗೆ ಸರಿಯಾಗಿ ನೆನಪಿಲ್ಲ ಮಾರಾಯ್ತಿ" ಎಂದೆ. ಅವಳು ಕೋಲನ್ನು ಬಿಡಿಸಿಕೊಂಡು, ಬಾಗಿಲು ತಡಕಿ, ಹೊರಗೆ ಹೋದಳು. ನಿರ್ದೇಶಕರು "ಸಣ್ಣವರು, ಸುಳ್ಳು ಹೇಳ್ಲಿಕ್ಕೆ ಹೆದರುದಿಲ್ಲ ಈಗ" ಎಂದು ಕಡತ ಮುಚ್ಚಿದರು. ನಾನು ತಲೆ ಆಡಿಸಿದೆ.

ಆಮೇಲೆ ನಾನು ಚೆನ್ನಾಗಿಯೇ ಇದ್ದೆ. ಇದನ್ನೂ ಹೇಳಬೇಕು. ಉಂಡೆ, ಮಲಗಿದೆ, ಮಗಳ ಮದುವೆ ಮಾಡಿದೆ. ಪಶ್ಚಾತ್ತಾಪದಲ್ಲಿ ಬೆಂದುಹೋದೆ ಎಂದೆಲ್ಲ ಬರೆದರೆ ಓದಲು ಚೆನ್ನಾಗಿರುತ್ತದೆ, ನಿಜ ಅಲ್ಲ. ಅವಳ ನೆನಪು ಬಂದಾಗ ಬೇರೆ ಕಡೆ ತಿರುಗುವ ಅಭ್ಯಾಸ ಮಾಡಿಕೊಂಡೆ. ನಿವೃತ್ತಿಯ ದಿನ ಖಾನೆ ಖಾಲಿ ಮಾಡುವಾಗ ಹದಿನಾಲ್ಕು ತೊಂದರೆಗಳ ಹಾಳೆಯೂ ದೃಢೀಕರಣ ಪತ್ರದ ಒಂದು ಪ್ರತಿಯೂ ಸಿಕ್ಕಿದವು. ಬಿಸಾಡಲು ಧೈರ್ಯ ಬರಲಿಲ್ಲ, ಚೀಲಕ್ಕೆ ಹಾಕಿಕೊಂಡೆ.

ಕಳೆದ ವರ್ಷ ಪಂಜದಲ್ಲಿ ಹೆಂಡತಿಯ ಸಂಬಂಧಿಕರದ್ದೊಂದು ನಾಮಕರಣವಿತ್ತು. ಅಲ್ಲಿಗೆ ತಲುಪಿದ ಮೇಲೆ ಅವಳ ರವಕೆಯ ಕೊಕ್ಕೆ ಕಿತ್ತುಹೋದದ್ದು ಗೊತ್ತಾಗಿ, ಪೇಟೆಯ ಹೊಲಿಗೆ ಅಂಗಡಿಗೆ ಹೋದೆವು. ಒಳಗೆ ಹೆಂಗಸೊಬ್ಬರು ಮಿಷನ್ ತುಳಿಯುತ್ತಿದ್ದರು. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಕೊಕ್ಕೆ, ಗುಂಡಿ ಹಾಕುತ್ತಿದ್ದವಳು ದಮಯಂತಿ. "ಒಂದು ಕೊಕ್ಕೆ ಹಾಕಿ ಕೊಡ್ಬೇಕಿತ್ತು" ಎಂದು ನಾನು ಹೇಳಿದ್ದೇ ತಡ, ಅವಳ ಸೂಜಿ ನಿಂತಿತು.

"ಕೇಶವ ಸರ್ ಅಲ್ವಾ? ರಿಟೈರ್ಡ್ ಆಯ್ತಾ?"

ಎಂ.ಎ.ಗೆ ಒಂದೇ ಪರೀಕ್ಷೆ ಬಾಕಿ ಇದ್ದ ಹುಡುಗಿ ನನ್ನ ಹೆಂಡತಿಯ ರವಕೆಗೆ ಕೊಕ್ಕೆ ಹಾಕಿಕೊಟ್ಟಳು. ಹೊಲಿಗೆ ಕೆಲಸ ಕೀಳು ಎನ್ನುವುದಿಲ್ಲ. ಆದರೆ ಅದನ್ನು ಅವಳು ಆರಿಸಿಕೊಂಡದ್ದಲ್ಲ, ನಾನು ಅವಳನ್ನು ಅಲ್ಲಿ ಕೂರಿಸಿದ್ದು. ಅವಳ ಬೆರಳು ಬಟ್ಟೆಯ ಅಂಚನ್ನು ಹುಡುಕುವುದನ್ನು ನೋಡುತ್ತ ನಿಂತೆ — ಅದೇ ಬೆರಳು ಹಿಡಿದು ನಾನು... ಆ ದಿನ ಕೊಕ್ಕೆಯ ದುಡ್ಡು ಕೊಟ್ಟು ಹೊರಟುಬಂದೆ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. "ಇನ್ನು ನನ್ನ ಹತ್ರ ಹೇಳಿ ಎಂತ ಉಪಯೋಗ? ಅಲ್ಲಿ ಹೋಗಿ ಹೇಳಿ" ಎಂದಳು.

ಮುಂದಿನ ವಾರ ಒಬ್ಬನೇ ಹೋದೆ. ವಿಶ್ವವಿದ್ಯಾಲಯಕ್ಕೆ ಕೊಡಲು ಒಂದು ಹೇಳಿಕೆಯನ್ನು ಹೊಸ ಅಕ್ಷರದಲ್ಲಿ ಟೈಪ್ ಮಾಡಿಕೊಂಡಿದ್ದೆ. ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ನಾನು ಮಾಡಿದ್ದನ್ನು ಅಮ್ಮ ಮಗಳು ಇಬ್ಬರ ಎದುರೂ ಹೇಳಿದೆ. ಅಮ್ಮ ಮಿಷನ್ ನಿಲ್ಲಿಸಿ ನನ್ನನ್ನೇ ನೋಡಿದರು. ಕೂರಿ ಎನ್ನಲಿಲ್ಲ, ಬಾಯಾರಿಕೆಗೆ ಬೇಕಾ ಎಂದೂ ಕೇಳಲಿಲ್ಲ. ಅವರು ಮಾಡಿದ್ದು ಸರಿ.

"ನನಗೆ ಅವತ್ತೇ ಗೊತ್ತಾಗಿದೆ ಸರ್" ಎಂದಳು ದಮಯಂತಿ. "ನೆನಪಿಲ್ಲ ಅಂತ ಹೇಳಿದ್ರಲ್ಲ, ಆವಾಗ. ನಿಮಗೆ ನೆನಪು ಉಂಟು ಅಂತ ಸ್ವರದಲ್ಲೇ ಗೊತ್ತಾಯ್ತು." ಆಮೇಲೆ ಕೇಳಿದಳು, "ಆ ಕಾಗದದಲ್ಲಿ ಎಂತ ಇತ್ತು? ಪೂರ್ತಿ? ಅವರು ಒಂದು ಗೆರೆ ಮಾತ್ರ ಹೇಳಿದ್ದು. ನಕಲು ಕೇಳಿದೆ, ಕೊಡ್ಲಿಲ್ಲ."

ಚೀಲದಿಂದ ಪ್ರತಿ ತೆಗೆದು ಓದಿದೆ. 'ನೋಟೀಸುಗಳೂ ಸೇರಿದಂತೆ' ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು. "ಅದನ್ನು ಇನ್ನೊಮ್ಮೆ ಹೇಳಿ." ಹೇಳಿದೆ. ಅವಳ ಮುಖ ಕೆಂಪಾಯಿತು. ಮೊದಲ ಸಲ ಅವಳಿಗೆ ಸಿಟ್ಟು ಬಂದದ್ದನ್ನು ಕಂಡೆ. "ನೋಟೀಸು ಓದ್ಲಿಕ್ಕೆ ಆಗುದಿಲ್ಲ ಅಂತ ಹೇಳ್ಲಿಕ್ಕೆ ನಾನು ಮೂರು ಗಂಟೆ ಕೂತದ್ದು ಸರ್. ಮೂರು ಗಂಟೆ. ಅದನ್ನೇ ತಿರುಗಿಸಿ ಬರ್ದ್ರಲ್ಲ ನೀವು."

ನನ್ನ ಹೇಳಿಕೆಯನ್ನು ಅವಳ ಫೋನಿಗೆ ಕಳಿಸಿದೆ. ಫೋನು ಗಡಗಡ ಓದತೊಡಗಿತು. ಅರ್ಧಕ್ಕೆ ಬೆರಳಿಟ್ಟು ನಿಲ್ಲಿಸಿದಳು. "'ಗೊಂದಲದಿಂದಾಗಿ' ಅಂತ ಉಂಟು. ಯಾರಿಗೆ ಇತ್ತು ಗೊಂದಲ? ನನಗೆ ಇರ್ಲಿಲ್ಲ. ನಿಮಗೆ ಇತ್ತಾ?"

ಇರಲಿಲ್ಲ ಎಂದೆ. ಪಶ್ಚಾತ್ತಾಪದ ಕಾಗದದಲ್ಲೂ ನನಗೊಂದು ಕಿಂಡಿ ಇಟ್ಟುಕೊಂಡಿದ್ದೆ, ನನಗೇ ಗೊತ್ತಿಲ್ಲದೆ. ಅಲ್ಲೇ ನಿಂತು ನನ್ನ ಫೋನಿನಲ್ಲಿ ಅದನ್ನು ಅಳಿಸಿದೆ. 'ಹಾಜರಾತಿ ಎಂದು ಸುಳ್ಳು ಹೇಳಿ ಸಹಿ ಹಾಕಿಸಿಕೊಂಡೆ, ಓದಿಸುತ್ತೇನೆಂದಾಗ ಬೇಡವೆಂದೆ' ಎಂದು ಬರೆದೆ. ಅವಳು ಮತ್ತೆ ಪೂರ್ತಿ ಓದಿಸಿ ಕೇಳಿದಳು. ಒಂದು ತಪ್ಪಕ್ಷರವನ್ನೂ ಹಿಡಿದಳು. ನಾಳೆ ಪುತ್ತೂರಿಗೆ ಒಟ್ಟಿಗೆ ಹೋಗುವ, ನಾನು ಅವರೆದುರು ಹೇಳುತ್ತೇನೆ ಎಂದೆ.

"ನಾನು ಬರುದಿಲ್ಲ" ಎಂದಳು. "ನಾನು ವರ್ಷಕ್ಕೊಂದು ಅಂತ ಆರು ಅರ್ಜಿ ಕೊಟ್ಟಿದ್ದೇನೆ. ಹೇಳ್ಲಿಕ್ಕೆ ಇದ್ದದ್ದು ಎಲ್ಲ ಹೇಳಿ ಆಗಿದೆ. ನೀವೇ ಹೋಗಿ ಕೊಡಿ."

ಕ್ಷಮಿಸು ಎಂದು ಬಾಯಿಗೆ ಬಂದಿತ್ತು. ಅವಳು ಆಗಲೇ ಸೂಜಿಗೆ ನೂಲು ಪೋಣಿಸಲು ತೊಡಗಿದ್ದಳು. ಕೇಳಲಿಲ್ಲ. ಕ್ಷಮೆ ಕೇಳಿದ್ದರೆ ಅದೂ ಅವಳಿಂದ ಇನ್ನೊಂದನ್ನು ಕಸಿದುಕೊಂಡ ಹಾಗೆ ಆಗುತ್ತಿತ್ತು.

ಮರುದಿನ ಕೇಂದ್ರಕ್ಕೆ ಹೋದೆ. ನಿರ್ದೇಶಕರು ಈಗ ಬೇರೆಯವರು. ಬನ್ನಿ ಬನ್ನಿ ಎಂದು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಹೇಳಿಕೆ ಓದಿದರು. ಕಡತ ತರಿಸಿ ಪತ್ರ ನೋಡಿದರು. "ಛೆ, ಹೀಗೆಲ್ಲ ಆಗಿದೆಯಾ? ವಿಶೇಷ ಪ್ರಕರಣ ಅಂತ ಮೇಲಿನವರಿಗೆ ಇವತ್ತೇ ಬರೀತೇನೆ. ಪರೀಕ್ಷೆಗೆ ಅವಕಾಶ ಆಗ್ತದೆ, ಅದಕ್ಕೆ ತೊಂದರೆ ಇಲ್ಲ" ಎಂದರು. ಎದ್ದು ನಿಂತು ನನ್ನ ಕೈ ಹಿಡಿದುಕೊಂಡರು. "ರಿಟೈರ್ಡ್ ಆದ ಮೇಲೂ ಬಂದು ಹೇಳಿದ್ರಲ್ಲ. ನಿಮ್ಮಂಥ ಪ್ರಾಮಾಣಿಕರು ಈಗ ಎಲ್ಲಿದ್ದಾರೆ ಮಾರಾಯ್ರೆ."

ಬಿಡಿಸಿದ ಕಡತದಲ್ಲಿ ದಮಯಂತಿಯ ಆರು ಅರ್ಜಿಗಳು ಒಂದರ ಮೇಲೊಂದು ಇದ್ದವು. ಮೇಲಿನದ್ದನ್ನು ಓದಿದೆ. ನಾನು ಬರೆದುಕೊಂಡು ಬಂದಿದ್ದದ್ದೇ ಅದರಲ್ಲೂ ಇತ್ತು — ಹಾಜರಾತಿ ಎಂದರು, ಫೋನಿನಲ್ಲಿ ಓದಿಸುತ್ತೇನೆ ಎಂದೆ, ಬೇಡ ಎಂದರು. ಎಲ್ಲ ಇತ್ತು, ನನಗಿಂತ ಚೆನ್ನಾಗಿ ಬರೆದಿದ್ದಳು. ಆರರ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ 'ಪರಿಗಣಿಸಲಾಗದು' ಎಂದಿತ್ತು, ಕೊನೆಯ ಎರಡರಲ್ಲಿ ಈ ಹೊಸ ನಿರ್ದೇಶಕರದ್ದೇ ಸಹಿ.

"ಇದರಲ್ಲಿಯೂ ಇದೇ ಉಂಟಲ್ಲ ಸರ್. ಇದನ್ನು ಯಾಕೆ ನಂಬ್ಲಿಲ್ಲ?" ಎಂದು ಕೇಳಿದೆ.

ಅವರಿಗೆ ನನ್ನ ಪ್ರಶ್ನೆ ವಿಚಿತ್ರವಾಗಿ ಕಂಡಿತು. "ಅದು ಅವಳು ಹೇಳುದಲ್ವಾ" ಎಂದರು. "ಇದು ನೀವು ಹೇಳುದು."

ನನಗೆ ಏನಾಯಿತೆಂದು ಹೇಗೆ ಹೇಳಲಿ. ಮೋಸ ಮಾಡಿದೆ ಎಂದು ನಾನೇ ಬರೆದು ಕೊಟ್ಟಿದ್ದೇನೆ, ಆ ಕಾಗದ ಅವರ ಕೈಯಲ್ಲೇ ಇದೆ, ಆದರೂ ನನ್ನ ಮಾತಿಗೆ ಬೆಲೆ. ಮೋಸಹೋದವಳು ಆರು ವರ್ಷ ನಿಜವನ್ನೇ ಹೇಳಿದಳು, ಅದಕ್ಕೆ ಕೆಂಪು ಶಾಯಿ. "ಪ್ರಾಮಾಣಿಕ ಅಂತ ನನ್ನನ್ನು ಹೇಳ್ಬೇಡಿ. ಆ ಮಾತು ಅವಳಿಗೆ ಬರೆದು ಕಳಿಸಿ" ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಪಾಪ ಎಂಬಂತೆ ನೋಡಿದರು. ಚಹಾ ಅಲ್ಲೇ ಬಿಟ್ಟು ಎದ್ದೆ.

ಹೊರಗೆ ಬಂದು ದಮಯಂತಿಗೆ ಫೋನ್ ಮಾಡಿದೆ. ಪರೀಕ್ಷೆಗೆ ಅವಕಾಶ ಆಗಬಹುದಂತೆ ಎಂದೆ. ಆ ಕಡೆಯಿಂದ ಮಿಷನ್ನಿನ ಶಬ್ದ ಕೇಳುತ್ತಿತ್ತು.

"ಅವರು ನಂಬಿದ್ರಾ ಸರ್?" ಎಂದು ಕೇಳಿದಳು.

"ನಂಬಿದರು."

"ಎಷ್ಟು ಹೊತ್ತು ಬೇಕಾಯ್ತು?"

ಸುಳ್ಳು ಹೇಳಬಹುದಿತ್ತು. ಬಹಳ ವಾದ ಮಾಡಬೇಕಾಯಿತು ಎನ್ನಬಹುದಿತ್ತು, ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

"ಹತ್ತು ನಿಮಿಷ" ಎಂದೆ.

ಅವಳು ಫೋನ್ ಇಟ್ಟಳು.